ಊರು ಸುತ್ತಿ ಬಂದ ಹೇರಳೆಕಾಯಿ

ಇಂದು ಬೆಳಿಗ್ಗೆ ನನ್ನ ಪತ್ನಿ ಎದುರುಮನೆಯ ಗೃಹಪ್ರವೇಶಕ್ಕೆ ಹೋಗಿಬಂದು, ತಾಂಬೂಲದ ಚೀಲವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಇಂತಹ ಚೀಲಗಳಲ್ಲಿ ಏನಿರುತ್ತದೆಂಬುದು ತಮಗೂ ತಿಳಿದದ್ದೇ: ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು. ಆದರೆ ಈ ಚೀಲದಿಂದ ಎದ್ದ ಪರಿಮಳ ನನ್ನನ್ನು ಕುರ್ಚಿಯಿಂದಲೇ ಎಬ್ಬಿಸಿತು. ಕೈಹಾಕಿ ನೋಡಿದೆ. ಮುಷ್ಟಿಗೆ ಹಿಡಿಯದ ಗಾತ್ರ, ಗಂಟುಗಂಟಾದ ಒರಟು ಸಿಪ್ಪೆ, ನಿಂಬೆಯ ದೊಡ್ಡಣ್ಣ. ಹೇರಳೆಕಾಯಿ!

ಆ ಪರಿಮಳ ನನ್ನನ್ನು ಹಳೇಬೀಡಿನ ಈ ಮನೆಯಿಂದ ನೇರವಾಗಿ ಅರಸೀಕೆರೆಯ ಕಮಲಮ್ಮನವರ ಹಿತ್ತಿಲಿಗೆ ಕೊಂಡೊಯ್ದಿತು. ಬಿಡುವಿದ್ದರೆ ತಾವೂ ಜೊತೆಗೆ ಬನ್ನಿ.

ನಾನು ನಮ್ಮ ಮನೆತನದ ಮೊದಲ ಪದವೀಧರ. ಈ ಮಾತಿನಲ್ಲಿ ಹೆಮ್ಮೆಗಿಂತ ಭಯವೇ ಹೆಚ್ಚು. ರಾಗಿ, ತೆಂಗು ಬೆಳೆಯುವ ಮನೆಯಿಂದ ಹೊರಟು ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ತಾತ್ಕಾಲಿಕ ಶಿಕ್ಷಕನಾದಾಗ, ಯಾವ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ತಿದ್ದದೆ ಹೊರಗೆ ಬಿಡುತ್ತಿರಲಿಲ್ಲ. ಊರಿನಿಂದ ಬರುವ ಬಸ್ಸಿಗೆ ಈ ಎಚ್ಚರಿಕೆ ಇರಲಿಲ್ಲ; ಅದು ಪ್ರಾರ್ಥನೆ ಮುಗಿದ ಮೇಲೆಯೇ ತಲುಪುತ್ತಿತ್ತು. "ಇನ್ನೊಮ್ಮೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತೆ" ಎಂದರು ಮುಖ್ಯೋಪಾಧ್ಯಾಯರು. ಅರಸೀಕೆರೆಯಲ್ಲೇ ಕೋಣೆ ಹಿಡಿಯುವುದು ಅನಿವಾರ್ಯವಾಯಿತು. ಮದುವೆಯಾಗದವನೆಂಬ ಒಂದೇ ಕಾರಣಕ್ಕೆ ಬೀದಿ ಬೀದಿಯಲ್ಲೂ ಬಾಗಿಲುಗಳು ಅತ್ಯಂತ ವಿನಯದಿಂದ ಮುಚ್ಚಿಕೊಂಡವು.

ತೆರೆದದ್ದು ಕಮಲಮ್ಮನವರದೊಂದೇ. ಅವರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯ ಸುದ್ದಿ ಅವರ ಧ್ವನಿಗೆ ಇನ್ನೂ ತಲುಪಿರಲಿಲ್ಲ.

"ನೋಡಿ ಮೇಷ್ಟ್ರೇ, ಅಡ್ವಾನ್ಸು ಹೆಚ್ಚು ಕೇಳೋಲ್ಲ, ನೀರಿಗೆ ತೊಂದರೆ ಇಲ್ಲ. ನನ್ನದು ಒಂದೇ ಮಾತು. ಹಿತ್ತಿಲಲ್ಲಿ ಹೇರಳೆ ಮರ ಇದೆ. ಕಾಯಿ ಬಿಟ್ಟಾಗ ನಿಮಗೂ ಕೊಡ್ತೀನಿ. ಅದು ಕೊಳೆತು ತಿಪ್ಪೆಗೆ ಬಿದ್ದಿದ್ದು ನನ್ನ ಕಣ್ಣಿಗೆ ಬಿತ್ತೋ, ಬೇರೆ ಮನೆ ನೋಡ್ಕೊಳ್ಳಿ. ಹಿಂದೆ ಇದ್ದವರು ಅದಕ್ಕೇ ಹೋದದ್ದು."

ನಕ್ಕುಬಿಡಬಹುದಾದ ಷರತ್ತು. ಮಳೆಗಾಲ ಮುಗಿಯುವವರೆಗೆ ನಾನೂ ನಕ್ಕೆ. ಆಮೇಲೆ ಆ ಮರ ಕಾಯಿ ಬಿಡಲಾರಂಭಿಸಿತು ನೋಡಿ! ಕಮಲಮ್ಮನವರು ದೋಟಿ ಹಿಡಿದು, ತೊಟ್ಟಿನ ಜೊತೆಗೆ ಎರಡು ಎಲೆ ಉಳಿಯುವಂತೆ ಕಾಯಿ ಕೀಳುತ್ತಿದ್ದರು; ಹಾಗೆ ಕಿತ್ತರೆ ಕಾಯಿಗೆ ನೋವಾಗುವುದಿಲ್ಲವೆಂದು ಅವರ ನಂಬಿಕೆ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲಿನ ಬಳಿ ಬುಟ್ಟಿ ತುಂಬ ಹೇರಳೆಕಾಯಿ. ನಾನೋ ಒಬ್ಬಂಟಿ, ಅನ್ನ ಬೇಯಿಸಲು ಬರುತ್ತಿತ್ತು, ಅಷ್ಟೆ.

ಚಿತ್ರಾನ್ನದಿಂದ ಆರಂಭಿಸಿದೆ. ಪದವೀಧರನ ಶ್ರದ್ಧೆಯಿಂದ ಕಾಯಿಯನ್ನು ಕಟ್ಟಕಡೆಯ ಹನಿಯವರೆಗೆ ಹಿಂಡಿ, ಒಗ್ಗರಣೆಯಲ್ಲಿ ಚೆನ್ನಾಗಿ ಕುದಿಸಿದೆ. ಆ ಚಿತ್ರಾನ್ನ ಬೇವಿನ ಕಷಾಯಕ್ಕೆ ಹತ್ತಿರದ ಸಂಬಂಧಿಯಾಗಿತ್ತು. ಅವ್ವನಿಗೆ ಫೋನು ಮಾಡಿದೆ.

"ಒಲೆ ಮ್ಯಾಲೆ ಇರೋವಾಗ ಹಿಂಡ್ಬ್ಯಾಡ ಕಣಪ್ಪಾ, ಕಹಿಯಾಗ್ತದೆ. ಇಳಿಸ್ಕಂಡು ಹಿಂಡು" ಎಂದಳು ಅವ್ವ. "ಇಷ್ಟು ಓದಿದ್ರೂ ನಿಂಗೆ ಒಬ್ಬರೂ ಇದನ್ನ ಹೇಳ್ಕೊಡ್ನಿಲ್ವಾ?"

ಮುಂದೆ ಸುಧಾರಿಸಿದೆ. ಬೆಲ್ಲ ಹಾಕಿ ಗೊಜ್ಜು ಮಾಡಿದೆ, ಏಲಕ್ಕಿ ಹಾಕಿ ಪಾನಕ ಮಾಡಿದೆ, ಉಪ್ಪು ಸವರಿ ಹೋಳುಗಳನ್ನು ಕಿಟಕಿಯಲ್ಲಿ ಒಣಗಿಸಿದೆ. ಹಿಂಡಿದ ಸಿಪ್ಪೆಯಿಂದ ಹಿತ್ತಾಳೆಯ ಚೊಂಬು ಉಜ್ಜಿದೆ. ರಸವನ್ನು ತಲೆಗೆ ಹಚ್ಚಿದರೆ ಹೊಟ್ಟು ಹೋಗುತ್ತದೆಂದು ಕೇಳಿ ಅದನ್ನೂ ಪರೀಕ್ಷಿಸಿದೆ. ಚೊಂಬು ಥಳಥಳಿಸಿತು, ನನ್ನ ಕಣ್ಣು ಮಾತ್ರ ಸಂಜೆಯವರೆಗೆ ಉರಿಯಿತು. ಬುಟ್ಟಿ ಖಾಲಿಯಾಗಲಿಲ್ಲ.

ಕಡೆಗೆ ಕೈಚೀಲದಲ್ಲಿ ತುಂಬಿಕೊಂಡು ಶಾಲೆಗೆ ಹೋದೆ. ಬಡಪಾಯಿಯಾಗಿ ಸಿಕ್ಕವನು ನಮ್ಮ ಗುಮಾಸ್ತ ರುದ್ರೇಶ. ಮೊದಲ ಸಲ ಸಂತೋಷದಿಂದಲೇ ತೆಗೆದುಕೊಂಡ. ಆಮೇಲೆ ನನ್ನ ಚೀಲ ಕಂಡರೆ ಕಡತದ ಹಿಂದೆ ಮುಖ ಮರೆಸುತ್ತಿದ್ದ.

"ಮತ್ತೆ ತಂದ್ರಾ ಸಾ? ನಮ್ಮನೇಲಿ ಬೆಕ್ಕೂ ಹುಳಿ ಮುಖ ಮಾಡ್ಕಂಡು ಓಡಾಡ್ತೈತೆ!"

ಆದರೂ ಒಂದನ್ನು ಒತ್ತಾಯದಿಂದ ಕೊಟ್ಟೆ. ಮುಳ್ಳು ಗೀರಿ ಬಿದಿಗೆಯ ಚಂದ್ರನಂತಹ ಗುರುತು ಮೂಡಿದ್ದ, ದಷ್ಟಪುಷ್ಟವಾದ ಕಾಯಿ. ಆ ಚಂದ್ರ ನನ್ನ ಪಾಲಿಗೆ ಅಸ್ತಮಿಸಿತೆಂದು ನಿರಾಳವಾಗಿ ಮನೆಗೆ ಬಂದೆ.

ಮರುದಿನ ಸಂಜೆ ಕಮಲಮ್ಮನವರು ಜಗಲಿಯಿಂದ ಕರೆದರು. ಅವರ ಕೈಯಲ್ಲಿ ಅದೇ ಚಂದ್ರ! ಈಗ ಅದರ ಮೇಲೆ ಕುಂಕುಮ ಬೇರೆ.

"ಮೇಷ್ಟ್ರೇ, ಇದರ ಗುರುತು ಸಿಗುತ್ತಾ? ಗಣಪತಿ ಗುಡಿ ಅರ್ಚಕರು ಪ್ರಸಾದ ಅಂತ ಕೊಟ್ಟರು. ಯಾರು ಕೊಟ್ಟಿದ್ದು ಅಂತ ಕೇಳಿದ್ರೆ, ನಿಮ್ಮ ಶಾಲೆ ಗುಮಾಸ್ತರ ಹೆಂಡತಿಯಂತೆ, ಪೂಜೆ ತಟ್ಟೆಯಲ್ಲಿಟ್ಟು ತಂದಿದ್ದರಂತೆ. ಅವರ ಮನೆಗೆ ನನ್ನ ಮರದ ಕಾಯಿ ಹೇಗೆ ಹೋಯಿತು?"

ನನ್ನ ಕಣ್ಣ ಮುಂದೆ ಟ್ರಂಕು, ಹಾಸಿಗೆ, ತಡವಾಗಿ ಬರುವ ಬಸ್ಸು, ಮುಖ್ಯೋಪಾಧ್ಯಾಯರ ಮುಖ ಎಲ್ಲವೂ ಸಾಲಾಗಿ ಹಾದುಹೋದವು. ಕೋಣೆ ಹೋದರೆ ಕೆಲಸವೂ ಹೋಯಿತು. ಅಂತಹ ಗಳಿಗೆಯಲ್ಲಿ ಮನುಷ್ಯನ ಬಾಯಿಂದ ಹೃದಯದ ಭಾಷೆ ಬರುತ್ತದೆಂದು ಹೇಳುತ್ತಾರೆ. ನನ್ನ ಬಾಯಿಂದ ಬಂದದ್ದು ಇದು:

"ತಮ್ಮಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಸದರಿ ಕಾಯಿಯನ್ನು ಅನಿವಾರ್ಯ ಕಾರಣಗಳಿಂದ..."

ಕಮಲಮ್ಮನವರು ಕಂಬ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಜಗಲಿಯ ಮೇಲೆ ಕುಳಿತೇಬಿಟ್ಟರು. "ರಜಾ ಅರ್ಜಿ ಓದ್ತಿದೀರೇನ್ರೀ! ಅಲ್ಲಾ, ಕೊಳೆಯಬಾರದು ಅಂದಿದ್ದೆ. ನೀವೊಬ್ಬರೇ ತಿಂದು ಮುಗಿಸಬೇಕು ಅಂದಿದ್ನಾ?"

ನಿಜ, ಅಂದಿರಲಿಲ್ಲ. ಷರತ್ತನ್ನು ಅವರಿಗಿಂತ ಬಿಗಿಯಾಗಿ ಓದಿಕೊಂಡು ನಾನೇ ಬೆವರುತ್ತಿದ್ದೆ.

"ಆದರೆ ಪಾಪ, ಇಷ್ಟು ಮನೆ ಸುತ್ತಿದರೂ ಇದನ್ನ ಒಬ್ಬರೂ ಹೆಚ್ಚಲಿಲ್ಲವಲ್ಲ" ಎಂದರು, ಕಣ್ಣೊರೆಸಿಕೊಂಡು. "ಭಾನುವಾರ ಎಲ್ಲರನ್ನೂ ಕರೆಯಿರಿ. ನಿಮ್ಮ ತಾಯಿಯವರನ್ನೂ."

ಆ ಭಾನುವಾರವನ್ನು ನೆನೆದರೆ ಈಗಲೂ ಬಾಯಲ್ಲಿ ನೀರು. ಹಿತ್ತಿಲಿನಲ್ಲಿ ಈಳಿಗೆಮಣೆಯ ಮುಂದೆ ಅವ್ವ, ಬಾಣಲೆಯ ಮುಂದೆ ಕಮಲಮ್ಮನವರು, ತೆಂಗಿನಕಾಯಿ ತುರಿಯಲು ರುದ್ರೇಶನ ಹೆಂಡತಿ. ಗೊಜ್ಜಿಗೆ ಹುರಿದ ಎಳ್ಳು ಬೇಕೇ ಬೇಕೆಂದು ಅವ್ವ, ಬೇಡವೇ ಬೇಡವೆಂದು ಕಮಲಮ್ಮನವರು. ತೀರ್ಪು ಕೇಳಿದಾಗ ಅರ್ಚಕರು ಎರಡೂ ಬಗೆಯ ಗೊಜ್ಜನ್ನು ಮೂರು ಮೂರು ಸಲ ಹಾಕಿಸಿಕೊಂಡು, ಇನ್ನೂ ವಿಚಾರಣೆಯಲ್ಲಿದೆ ಎಂದರು. ರುದ್ರೇಶ ಹೆಂಡತಿಯ ಕಣ್ಣು ತಪ್ಪಿಸಿ ಬೆಕ್ಕಿಗೂ ಒಂದಿಷ್ಟು ಕಟ್ಟಿಕೊಳ್ಳುತ್ತಿದ್ದ. ಚಿತ್ರಾನ್ನಕ್ಕೆಂದು ಇಳಿಸಿದ ಒಗ್ಗರಣೆಗೆ ರಸ ಹಿಂಡುವ ಕೆಲಸ ನನ್ನದು. ಎಂದಿನಂತೆ ಕಾಯಿಯನ್ನು ಹಿಸುಕಿ ಹಿಸುಕಿ ಹಿಂಡುತ್ತಿದ್ದೆ.

"ಕೊನೇ ಹನಿ ಬಿಟ್ಟುಬಿಡಿ ಮೇಷ್ಟ್ರೇ" ಎಂದರು ಕಮಲಮ್ಮನವರು. "ಕಹಿ ಇರೋದೇ ಅದರಲ್ಲಿ."

ಅಂದಿನಿಂದ ನಾನು ಕೈ ಸ್ವಲ್ಪ ಸಡಿಲಿಸಲು ಕಲಿಯುತ್ತಿದ್ದೇನೆ. ಕಾಯಿ ಹಿಂಡುವಾಗಲೂ, ಮಾತನಾಡುವಾಗಲೂ. ಈ ಪ್ರಬಂಧವನ್ನು ಓದಿ ತಾವು ನಂಬದಿದ್ದರೆ ನನ್ನ ತಕರಾರಿಲ್ಲ. ಹಳೇಬೀಡಿನಲ್ಲಿ ಮನೆ ಮಾಡಿ ಹೊರಟಾಗ ಕಮಲಮ್ಮನವರು ಒಂದು ಸಸಿ ಕೊಟ್ಟರು. ಅದು ನಮ್ಮ ಹಿತ್ತಿಲಿನಲ್ಲಿ ಮರವಾಗಿ ಈ ವರ್ಷ ಮೊದಲ ಬಾರಿಗೆ ಮೈತುಂಬ ಕಾಯಿ ಬಿಟ್ಟಿದೆ. ನಾನೂ ಎರಡು ಎಲೆ ಉಳಿಸಿ ಕಿತ್ತು, ಬೀದಿಯಲ್ಲಿ ಸಿಕ್ಕವರಿಗೆಲ್ಲ ಹಂಚಿದ್ದೇನೆ.

ತಾಂಬೂಲದ ಕಾಯಿಯನ್ನು ತಿರುಗಿಸಿ ನೋಡಿದೆ. ತೊಟ್ಟಿನ ಬಳಿ ಎರಡು ಎಲೆ, ಬಾಡಿವೆ. ಹೊರಬಂದ ನನ್ನ ಪತ್ನಿ ಒಮ್ಮೆ ನೋಡಿ, "ಅಯ್ಯೋ, ಇದು ನಮ್ಮದೇ ಕಣ್ರೀ!" ಎಂದಳು.

ಹಿಂದಿನ ನಾನಾಗಿದ್ದರೆ, ಕೊಟ್ಟದ್ದು ಯಾರಿಗೂ ಬೇಡವಾಯಿತೆಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದೆ. ಇಂದು ನಗು ತಡೆಯಲಾರದೆ ಅರಸೀಕೆರೆಗೆ ಫೋನು ಮಾಡಿದೆ. ಕಮಲಮ್ಮನವರು ಪೂರ್ತಿ ಕೇಳಿಸಿಕೊಂಡು, ಹಳೆಯ ತರಗತಿಯ ಧ್ವನಿಯಲ್ಲೇ ವಿಚಾರಿಸಿದರು:

"ಕುಂಕುಮ ಇದೆಯೇನ್ರೀ ಅದರ ಮೇಲೆ?"

"ಇದೆ."

"ಹಾಗಾದರೆ ದೇವರ ದರ್ಶನಾನೂ ಆಗಿದೆ. ಇನ್ನು ಸುತ್ತಿಸಬೇಡಿ, ಪಾಪ. ಹೆಚ್ಚಿ."

ಹೆಚ್ಚಿದೆ. ಬಾಣಲೆಯನ್ನು ಇಳಿಸಿದ ಮೇಲೆ ಹಿಂಡಿದೆ, ಕೊನೆಯ ಹನಿಯನ್ನು ಬಿಟ್ಟೆ. ಎದುರುಮನೆಯವರಿಗೆ ಚಿತ್ರಾನ್ನಕ್ಕೆ ಬರಹೇಳಿ ಆಗಿದೆ. ಅವರ ಚಪ್ಪಲಿಯ ಸದ್ದು ಗೇಟಿನ ಬಳಿ ಕೇಳಿಸುತ್ತಿದೆ.