ಕಬಿನಿ ಕಡವಿನಲ್ಲಿ ನಾನು ಹಾಕಿದ ಗಂಟು

ಹುಣಸೂರಿನಿಂದ ಸಮುದ್ರ ನೋಡಬೇಕಾದರೆ ಕೊಡಗು ದಾಟಿ ಘಟ್ಟ ಇಳಿಯಬೇಕು. ಇದು ನಮ್ಮ ಪಾದ್ರಿಗಳಿಗೆ ಗೊತ್ತಿರಲಿಲ್ಲವೆಂದಲ್ಲ. ಭೂಪಟ ಅವರ ಮೇಜಿನ ಮೇಲೇ ಇತ್ತು. ಆದರೂ ಐವತ್ತರ ದಶಕದ ಒಂದು ಬೇಸಿಗೆಯಲ್ಲಿ, ಮಿಷನ್ ಶಾಲೆಯ ಮೇಷ್ಟ್ರಾಗಿದ್ದ ನನಗೂ ಮಿಷನ್ ದವಾಖಾನೆಯ ಕಂಪೌಂಡರಿಗೂ ನಾವಿಕರ ವಿದ್ಯೆ ಕಲಿಸಬೇಕೆಂದು ಅವರು ತೀರ್ಮಾನಿಸಿದರು. ಪಾದ್ರಿಯಾಗುವ ಮೊದಲು ಅವರು ಹಡಗಿನಲ್ಲಿ ಕೆಲಸ ಮಾಡಿದ್ದವರು. ಮಳೆಗಾಲದಲ್ಲಿ ನಾವಿಬ್ಬರೂ ಅಂತರಸಂತೆಯ ಕಡೆಯಿಂದ ಕಬಿನಿ ದಾಟಿ, ಕಾಡಂಚಿನ ಬುಡಕಟ್ಟಿನವರ ಹಾಡಿಗಳಿಗೆ ಔಷಧಿಯನ್ನೂ ಸುವಾರ್ತೆಯನ್ನೂ ಒಯ್ಯಬೇಕಾಗಿತ್ತು.

ದೋಣಿ ಇರಲಿಲ್ಲ. ಶಾಲೆಯ ಬೆಂಚನ್ನೇ ದೋಣಿ ಎಂದುಕೊಂಡು, ಬಿದಿರ ಗಳುಗಳಿಂದ ಧೂಳಿನಲ್ಲಿ ಹುಟ್ಟು ಹಾಕುತ್ತಿದ್ದೆವು. ಒಂದು ತಿಂಗಳು ಹಾಕಿದರೂ ಅಂಗಳ ದಾಟಲಿಲ್ಲ. ಪಾದ್ರಿಗಳು ಪ್ರಗತಿ ತೃಪ್ತಿಕರ ಎಂದರು.

ಕಾಡಿನ ನಡಿಗೆಗೆ ಮೈ ಗಟ್ಟಿಯಾಗಲೆಂದು ದಿನಾ ಬೆಳಿಗ್ಗೆ ಬೆನ್ನಿಗೆ ಕಲ್ಲು ತುಂಬಿದ ಚೀಲ ಕಟ್ಟಿಕೊಂಡು ಲಕ್ಷ್ಮಣತೀರ್ಥದ ದಂಡೆಯಲ್ಲಿ ಮೂರು ಮೈಲಿ ನಡೆಯಬೇಕಿತ್ತು. ಕಂಪೌಂಡರು ಪಿರಿಯಾಪಟ್ಟಣದ ಕಡೆಯ ಹಾರನಹಳ್ಳಿಯವರು. ಓದಿದ್ದಷ್ಟೂ ದಿನ ಶಾಲೆಗೆ ನಡೆದೇ ಹೋಗಿ ಬಂದವರು. ಅವರಿಗೆ ನಡೆಯುವುದನ್ನು ಕಲಿಸಲಾಯಿತು.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಒಂದು ದಿನ ಕೇಳಿಯೇಬಿಟ್ಟಳು: "ಮೇಷ್ಟ್ರೇ, ಕಲ್ಲು ಎಲ್ಲಿಗೆ ಸಾಗಿಸ್ತಿದ್ದೀರಿ?"

"ಎಲ್ಲಿಗೂ ಇಲ್ಲ ಕಣವ್ವ," ಎಂದರು ಕಂಪೌಂಡರು. "ಇಲ್ಲಿಂದ ತಗಂಡೋಗಿ ಇಲ್ಲಿಗೇ ತರ್ತೀವಿ."

"ಅಂಗಾರೆ ಈ ಒಗಿಯೋ ಕಲ್ನೂ ಒಂದ್ ಸುತ್ತು ತಿರುಗಿಸ್ಕೊಂಡ್ ಬನ್ನಿ. ಕುಂತೂ ಕುಂತೂ ಅದ್ಕೂ ಬ್ಯಾಸರ ಆಗ್ಯದೆ."

ಗಂಟು ಹಾಕುವುದರಲ್ಲಿ ಮಾತ್ರ ನಾನು ಮುಂದಿದ್ದೆ. ಪಾದ್ರಿಗಳ ಮೆಚ್ಚಿನ ಗಂಟೊಂದಿತ್ತು. ಎಷ್ಟು ಜಗ್ಗಿದರೂ ಅದು ಜಾರುವುದಿಲ್ಲ. ಹಗ್ಗ ಬಿಗಿದಿರುವಷ್ಟು ಹೊತ್ತು ಬಿಚ್ಚಲೂ ಬರುವುದಿಲ್ಲ. ಮೊದಲನೆಯ ಗುಣವನ್ನು ಅವರು ಹಲವು ಸಲ ಹೇಳಿದರು. ಎರಡನೆಯದನ್ನು ಹೇಳಿದ್ದು ನನಗೆ ನೆನಪಿಲ್ಲ. ಹೇಳಿದ್ದರೂ ಇರಬಹುದು.

ಮಳೆ ಹಿಡಿದ ಮೇಲೆ ನಮ್ಮನ್ನು ಕಳಿಸಿದರು. ಹೊಳೆ ದಾಟಿಸುವ ಕಡವಿನಲ್ಲಿದ್ದದ್ದು ಹರಿಗೋಲು, ಚರ್ಮ ಹೊದಿಸಿದ ದುಂಡನೆಯ ಬಿದಿರ ಬುಟ್ಟಿ. ಅದರ ಮುಂದು ಯಾವುದು, ಹಿಂದು ಯಾವುದು ಎಂದು ತಿಳಿಯದೆ ನಮ್ಮ ಒಂದು ತಿಂಗಳ ವಿದ್ಯೆ ದಡದಲ್ಲೇ ಉಳಿಯಿತು. ಕಂಪೌಂಡರು ಔಷಧಿಯ ಪೆಟ್ಟಿಗೆ ತಬ್ಬಿಕೊಂಡು ನಡುವೆ ಕುಳಿತರು. ಅಂಬಿಗ ಗುಡಿಸಲಿನಿಂದ ಹುಟ್ಟು ತರಲು ಹೊರಟವನು ಹರಿಗೋಲಿನ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟ.

"ಆ ಮರದ್ ಬೇರಿಗೆ ಒಂದ್ ಸುತ್ತು ಆಕಿ ತುದೀನ ಕೈಲಿ ಇಡ್ಕೊಂಡಿರಿ. ಕಟ್ಬ್ಯಾಡಿ. ಮ್ಯಾಲೆ ಗಟ್ಟದಲ್ಲಿ ಮಳೆ ಆಗ್ಯದೆ, ನೀರ್ ಏರ್ತದೆ. ಏರ್ದಂಗೆ ಸಡ್ಲ ಬುಡ್ತಾ ಇರಿ."

ನಾನು ಕಟ್ಟಿದೆ. ತರಬೇತಿ ಇಲ್ಲದವನ ಮಾತು ಎಂದುಕೊಂಡೆ. ಗಂಟು ಚೆನ್ನಾಗಿ ಬಂದಿತ್ತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟೆ.

ಕೆಂಪು ನೀರು ಒಮ್ಮೆಲೇ ಬಂತು. ಬೇರು ಮುಳುಗಿತು. ಹರಿಗೋಲು ನೀರಿನ ಜೊತೆ ಏರಲು ಹೋಯಿತು, ಹಗ್ಗ ಬಿಡಲಿಲ್ಲ. ಒಂದು ಪಕ್ಕದ ಅಂಚು ಕೆಳಕ್ಕೆ ಜಗ್ಗಿತು, ನೀರು ಒಳಗೆ ನುಗ್ಗಿತು. ನಾನು ಎದೆಯವರೆಗೆ ನೀರಿನಲ್ಲಿ ನಿಂತು ಗಂಟನ್ನು ಉಗುರಿನಿಂದ ಕೆದಕಿದೆ. ಅದು ಕಲಿಸಿದ ಹಾಗೆಯೇ ಇತ್ತು. ಕಂಪೌಂಡರ ತಲೆ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ. ಆಗ ಅಂಬಿಗ ಓಡಿಬಂದು ಕುಡುಗೋಲಿನಿಂದ ಹಗ್ಗ ಕೊಯ್ದು ನೀರಿಗೆ ಹಾರಿದ. ಬಹಳ ದೂರ ಕೆಳಗೆ, ಒಂದು ಕೈಯಲ್ಲಿ ಕಂಪೌಂಡರ ಅಂಗಿಯ ಕೊರಳು ಹಿಡಿದು ದಡ ಹತ್ತಿದ. ಪೆಟ್ಟಿಗೆ ಹೋಯಿತು.

ತಾಲ್ಲೂಕಿನ ಅಮಲ್ದಾರರ ಕಚೇರಿಯಿಂದ ವಿಚಾರಣೆ ಬಂತು. ತಪ್ಪು ಅಂಬಿಗನದಾದರೆ ಕಡವಿನ ಗುತ್ತಿಗೆ ಬೇರೆಯವನಿಗೆ. ಪಾದ್ರಿಗಳ ಉತ್ತರ ಆಗಲೇ ಸಿದ್ಧವಾಗಿತ್ತು: ಅಂಬಿಗನ ಅಜಾಗರೂಕತೆ. ಕಣ್ಣಾರೆ ಕಂಡವನೆಂದು ನಾನೊಂದು ಹೇಳಿಕೆ ಬರೆದುಕೊಡಬೇಕಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಎರಡು ದಿನ ಕಾಗದದ ಮುಂದೆ ಕುಳಿತೆ.

ಕಂಪೌಂಡರು ಕೆಮ್ಮುತ್ತಾ ಬಂದರು. "ನನ್ನ ಮ್ಯಾಲಕ್ಕೆ ಎಳ್ದೋನ ಕಡವು ಕಿತ್ಕೊಂಡ್ರೆ ನಾನ್ ಯಾವ ಮಕ ಇಟ್ಕೊಂಡು ಹೊಳೆ ದಾಟ್ಲಿ ಮೇಷ್ಟ್ರೇ? ನಿಮ್ ಕೆಲ್ಸ ಹೋಯ್ತದೆ ಅಂದ್ರೆ ಹೇಳಿ, ನಾನೇ ಕಟ್ದೆ ಅಂತೀನಿ."

"ನೀವು ಹರಿಗೋಲಿನ ಒಳಗೆ ಕೂತಿದ್ರಿ."

"ಓ, ಅದೊಂದದೆ," ಎಂದರು.

ಆ ಸಂಜೆ ಬರೆದೆ: ಕಟ್ಟಬೇಡಿ ಎಂದು ಅಂಬಿಗ ಹೇಳಿದ್ದ, ಕಟ್ಟಿದವನು ನಾನು. ಪಾದ್ರಿಗಳು ಎರಡು ಸಲ ಓದಿದರು.

"ಗಂಟು ಜಾರಿತೇ?"

"ಇಲ್ಲ."

"ಜಾರುವುದಿಲ್ಲ," ಎಂದರು, ಕೊಂಚ ಹೆಮ್ಮೆಯಿಂದಲೇ. ಆಮೇಲೆ ತಮ್ಮ ಉತ್ತರವನ್ನು ಹರಿದು, ನನ್ನ ಕಾಗದವನ್ನು ಲಕೋಟೆಗೆ ಹಾಕಿದರು. ನನ್ನ ಕೆಲಸ ಕಾಯಂ ಆಗುವುದು ಒಂದು ವರ್ಷ ತಡವಾಯಿತು. ಕೈಬರಹ ಇನ್ನೂ ಸುಧಾರಿಸಬೇಕು ಎಂಬುದು ಕಾರಣ.

ಕಡವು ಅಂಬಿಗನಿಗೇ ಉಳಿಯಿತು. ಮುಂದಿನ ಸಲ ಹೋದಾಗ ನಾನು ಹಗ್ಗಕ್ಕೆ ಕೈ ಚಾಚಿದೆ.

"ಸುಮ್ಕೆ ಕೂತ್ಕೊಳ್ಳಿ ಮೇಷ್ಟ್ರೇ," ಎಂದ. "ದಿಟ ಬರ್ದ್ರಂತೆ, ಬೋ ಸಂತೋಸ. ಅಗ್ಗ ಮಾತ್ರ ಮುಟ್ಬ್ಯಾಡಿ."

ಸಂತೆ ಮುಗಿಸಿ ಬಂದಿದ್ದ ಒಬ್ಬ ಹೆಂಗಸಿನ ಕೈಗೆ ಹಗ್ಗದ ತುದಿ ಕೊಟ್ಟ. ಅವಳು ಬೇರಿಗೆ ಒಂದು ಸುತ್ತು ಹಾಕಿ, ಎಲೆಯಡಿಕೆ ಅಗಿಯುತ್ತಾ, ನೀರಿನ ಕಡೆ ನೋಡದೆಯೇ ಹಗ್ಗವನ್ನು ಸಡಿಲ ಬಿಡುತ್ತಾ ನಿಂತಳು.