ಪಾಪಕ್ಕನ ಇಬ್ಬರು ರಕ್ತಪಿಶಾಚಿಗಳು

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಪಾಪಕ್ಕ ಎಂದೇ ಕರೆಯುತ್ತಿದ್ದರು. ಪರದೆಯ ಮೇಲೆ ಮಗು ಅತ್ತರೂ ನಕ್ಕರೂ ಹಟ ಹಿಡಿದರೂ ಆ ದನಿ ಅವರದೇ. ತಲೆ ಅರ್ಧ ನರೆತಿತ್ತು. ಆದರೆ ಕಣ್ಣು ಮುಚ್ಚಿ ಕೇಳಿದವರಿಗೆ ಎದುರಿಗೆ ಎರಡು ಜಡೆಯ ಹುಡುಗಿಯೇ ನಿಂತ ಹಾಗಿರುತ್ತಿತ್ತು. ಗಂಡ ದರ್ಜಿ. ರೆಕಾರ್ಡಿಂಗ್ ಇದ್ದ ದಿನ ಪಾಪಕ್ಕ ಗಂಟಲು ಉಳಿಸಿಕೊಳ್ಳಲು ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಎಲ್ಲವೂ ಕೈಸನ್ನೆಯಲ್ಲೇ. ದರ್ಜಿಯವರೂ ಸನ್ನೆಯಲ್ಲೇ ಉತ್ತರ ಕೊಟ್ಟು ಕೊಟ್ಟು ಒಮ್ಮೆ ಗಿರಾಕಿಯ ಜೊತೆಗೂ ಹಾಗೇ ಮಾಡಿದ್ದರಂತೆ. ಗಿರಾಕಿ ಇವರಿಗೆ ಮಾತೂ ಬರುವುದಿಲ್ಲ, ಕಿವಿಯೂ ಕೇಳುವುದಿಲ್ಲವೆಂದು ತಿಳಿದು, ಕೂಗಿ ಕೂಗಿ ಅಳತೆ ಹೇಳಿ ಹೋದನಂತೆ.

ನನ್ನದು ಪರದೆಯ ಮೇಲಿನವರ ತುಟಿಗೆ ಹೊಂದುವ ಹಾಗೆ ಮಾತು ಬರೆಯುವ ಕೆಲಸ. ಡಿಗ್ರಿ ಮುಗಿಸಿ ಹಳ್ಳಿಯಿಂದ ಬಂದ ಹೊಸದರಲ್ಲಿ ನಾನು ಪುಸ್ತಕದ ಭಾಷೆಯಲ್ಲಿ ಬರೆಯುತ್ತಿದ್ದೆ. ಮಗು ಹೀಗೆ ಮಾತಾಡಿದರೆ ಅದರ ತಾಯಿ ಹೆದರಿ ಓಡಿಹೋಗುತ್ತಾಳೆ ಎಂದು ಪಾಪಕ್ಕ ನಗುತ್ತಲೇ ತಿದ್ದಿದ್ದರು.

ಅವರಿಗೆ ಹೆಸರು ತಂದದ್ದು ಒಂದು ವಿದೇಶಿ ಚಿತ್ರ. ಹಿಮ ಬೀಳುವ ಊರು. ಬಟ್ಟೆ ಒಗೆದು ಬದುಕುವ ವಿಧವೆಯ ಮನೆಗೆ ಒಬ್ಬಂಟಿ ಹುಡುಗಿಯೊಬ್ಬಳು ಬಾಡಿಗೆಗೆ ಬರುತ್ತಾಳೆ. ಅವಳು ರಕ್ತಪಿಶಾಚಿ, ಎಷ್ಟೋ ಕಾಲದಿಂದ ಅದೇ ವಯಸ್ಸಿನಲ್ಲಿ ನಿಂತುಬಿಟ್ಟವಳು. ಆ ಚಿತ್ರದಲ್ಲಿ ಕೋರೆಹಲ್ಲೂ ಕಾಣುವುದಿಲ್ಲ, ರಕ್ತವೂ ಕಾಣುವುದಿಲ್ಲ. ಕನ್ನಡಿಯನ್ನು ಗೋಡೆಗೆ ತಿರುಗಿಸಿಡುವ ಪುಟ್ಟ ಕೈ ಕಾಣುತ್ತದೆ, ಅಷ್ಟೇ. ಕೊನೆಗೆ ಎಲ್ಲವೂ ತಿಳಿದ ವಿಧವೆ, ಹಸಿದು ಬಿದ್ದಿದ್ದ ಹುಡುಗಿಯ ಮುಂದೆ ಕೂತು, ಅಂಗಿಯ ತೋಳು ಮೇಲೇರಿಸಿ ಕೈ ಚಾಚುತ್ತಾಳೆ. ಹುಡುಗಿಯ ಮುಖ ನೆರಳಿನಲ್ಲಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದೇ ಮಾತು, “ಬೇಡ.”

ಆ ಮಾತಿಗೆ ಮೊದಲು ಪಾಪಕ್ಕ ಉಸಿರನ್ನು ಒಳಗೆಳೆದು ಹಿಡಿದುಕೊಂಡಿದ್ದರು. ನೋಡಿದವರಿಗೆ ನೆನಪಿನಲ್ಲಿ ಉಳಿದದ್ದು ಆ ಉಸಿರೇ.

ಬಹಳ ವರ್ಷಗಳ ಮೇಲೆ ಅದೇ ಕಥೆಯನ್ನು ಅಮೆರಿಕದವರು ಮತ್ತೆ ತೆಗೆದರು. ಅದೂ ನಮ್ಮ ಸ್ಟುಡಿಯೋಕ್ಕೇ ಬಂತು. ಡಬ್ಬಿಂಗ್ ನೋಡಿಕೊಳ್ಳುವ ಡೈರೆಕ್ಟರು ಹೊಸಬರು, ಒಳ್ಳೆಯವರು. ಆದರೆ ಮೊದಲ ದಿನವೇ ಪಾಪಕ್ಕನನ್ನು ‘ಅಮ್ಮಾ’ ಎಂದು ಕರೆದರು. ಅಲ್ಲಿಯವರೆಗೆ ಆ ಕಟ್ಟಡದಲ್ಲಿ ಅವರು ಎಲ್ಲರಿಗೂ ಅಕ್ಕನೇ. ಈ ಚಿತ್ರ ಸರಿಹೋದರೆ ಸರಿ, ಇಲ್ಲವಾದರೆ ಇನ್ನು ಮಕ್ಕಳ ದನಿಗೆ ಹೊಸ ಹುಡುಗಿ, ಅಮ್ಮನಿಗೆ ಅಜ್ಜಿಯ ಪಾತ್ರಗಳು ಎಂದು ಡೈರೆಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಜ್ಜಿಯಾಗಲು ತನಗಿನ್ನೂ ವಯಸ್ಸಾಗಿಲ್ಲವೆಂದು ಪಾಪಕ್ಕ ತಮಾಷೆ ಮಾಡಿದರು. ಮಾಡಿದವರೇ ಆ ಕಡೆ ತಿರುಗಿ ಕೆಮ್ಮಿದರು. ಅವರು ಕೆಮ್ಮಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ರೆಕಾರ್ಡಿಂಗ್ ಹಿಂದಿನ ದಿನ ಪಾಪಕ್ಕ ನನ್ನ ಕೋಣೆಗೆ ಬಂದು, ಎರಡೂ ಚಿತ್ರಗಳನ್ನು ಒಂದಾದ ಮೇಲೊಂದು ಹಾಕಿಸಿಕೊಂಡು ನೋಡಿದರು. ಹೊಸದರಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಹುಡುಗಿ ಪಿಶಾಚಿಯಾದದ್ದು ಹೇಗೆ, ವಿಧವೆಯ ಗಂಡ ಸತ್ತದ್ದು ಹೇಗೆ, ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲಿ ಹೆದರಬೇಕೆಂದು ಪಿಟೀಲು ಮೊದಲೇ ಬಂದು ಹೇಳಿಹೋಗುತ್ತಿತ್ತು. ವಿಧವೆಯ ಮನೆಗೆ ಮಹಡಿಯೂ ಇತ್ತು. ಬಟ್ಟೆ ಒಗೆಯುವವಳಿಗೆ ಇಷ್ಟು ದೊಡ್ಡ ಮನೆಯಿದ್ದರೆ ಪಿಶಾಚಿಗೆ ಯಾಕೆ ಬಾಡಿಗೆಗೆ ಕೊಡುತ್ತಿದ್ದಳು ಎಂದು ಪಾಪಕ್ಕ ಕೇಳಿದರು. ನಾನು ನಕ್ಕು, ಇದು ಬರೀ ನಕಲು ಎಂದೆ. ಅವರು ಒಪ್ಪಲಿಲ್ಲ. ಹೊಸದರಲ್ಲಿ ವಿಧವೆ ಚಾಚಿದ ಕೈಯ ಬೆರಳುಗಳು ಸೋಪಿನ ನೀರಿಗೆ ಬಿರಿದಿದ್ದವು. ಅದನ್ನು ಅಷ್ಟು ಹತ್ತಿರದಿಂದ ಹಳೆಯದರಲ್ಲಿ ಯಾರೂ ತೋರಿಸಿರಲಿಲ್ಲ ಎಂದರು.

ಮರುದಿನ ಉಳಿದ ದೃಶ್ಯಗಳೆಲ್ಲ ಹೇಗೋ ಸಾಗಿದವು. ಸಿಕ್ಕಿಕೊಂಡದ್ದು ‘ಬೇಡ’ದಲ್ಲಿ. ಇಲ್ಲಿ ಹುಡುಗಿಯ ಮುಖ ಪರದೆಯ ತುಂಬ ಇತ್ತು. ವಿಧವೆ ಕೈ ಚಾಚಿದ ಕೂಡಲೇ ಹುಡುಗಿ ತುಟಿ ಒತ್ತಿ, ಬಿಟ್ಟು, ಹೇಳಿಯೇಬಿಡುತ್ತಾಳೆ. ಪಾಪಕ್ಕ ಮಾತ್ರ ಹಳೆಯ ಅಭ್ಯಾಸದಂತೆ ಉಸಿರೆಳೆದು ಹಿಡಿಯುತ್ತಿದ್ದರು. ಅವರ ಮಾತು ಬರುವಷ್ಟರಲ್ಲಿ ಹುಡುಗಿಯ ಬಾಯಿ ಮುಚ್ಚಿರುತ್ತಿತ್ತು. ಮತ್ತೆ ತೆಗೆದರು, ಮತ್ತೆ ತಡ. ಬೇಗ ಹೇಳಿದಾಗ ದನಿ ಒರಟಾಯಿತು. ಡೈರೆಕ್ಟರು ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆಯಿಂದ ನೀರು ಕುಡಿಯಲು ಹೇಳಿದರು, ಆಮೇಲೆ ಕೂತು ಸುಧಾರಿಸಿಕೊಳ್ಳಲು ಹೇಳಿದರು. ಡೈರೆಕ್ಟರ ದನಿ ಮೆತ್ತಗಾದಷ್ಟೂ ನನಗೆ ಭಯ ಹೆಚ್ಚುತ್ತಿತ್ತು. ಮಧ್ಯಾಹ್ನಕ್ಕೆ ಹೊಸ ಹುಡುಗಿಗೂ ಬರಹೇಳಿದ್ದು ನನಗೆ ಗೊತ್ತಿತ್ತು. ಪಾಪಕ್ಕನಿಗೂ ಗೊತ್ತಿತ್ತೆಂದು ಅವರು ಗಡಿಯಾರ ನೋಡಿದ ರೀತಿಯಲ್ಲೇ ತಿಳಿಯಿತು.

ಪಾಪಕ್ಕ ಶಬ್ದ ನಿಲ್ಲಿಸಿ ಬರೀ ಹುಡುಗಿಯ ಮುಖ ತೋರಿಸಲು ಹೇಳಿದರು. ತೋರಿಸಿದೆವು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ತಮ್ಮಾ, ನಾನು ಇಷ್ಟು ಹೊತ್ತು ಆ ಹಳೇ ಚಿತ್ರದ ಮಗೂಗೇ ದನಿ ಕೊಡ್ತಾ ಇದ್ದೆ. ಇದು ಬೇರೆ ಮಗು. ಅವಳಿಗೆ ಹೆದರಿಕೇನೇ ಇರಲಿಲ್ಲ, ಹೆದರಿಕೆ ಇದ್ದದ್ದು ನೋಡೋ ನಮಗೆ. ಇವಳಿಗೆ ತನ್ನ ಮೇಲೇ ಹೆದರಿಕೆ.”

ಮೈಕಿನ ಮುಂದೆ ಹೋಗಿ ನಿಂತರು. ಪರದೆಯ ಮೇಲೆ ವಿಧವೆಯ ಕೈ ಚಾಚಿತು, ಹುಡುಗಿಯ ತುಟಿ ಅಲುಗಿತು, “ಬೇಡ” ಸರಿಯಾಗಿ ಬಂದು ಕೂತಿತು. ಆದರೆ ಮಾತಿನ ನಡುವೆ ದನಿ ಒಡೆಯಿತು, ಬಿಸಿನೀರು ಬಿದ್ದ ಗಾಜಿನ ಹಾಗೆ. ನಾನು ಕಣ್ಣು ಮುಚ್ಚಿಕೊಂಡೆ.

ಡೈರೆಕ್ಟರು ಎದ್ದು ನಿಂತಿದ್ದರು. ತಮಗೆ ಬೇಕಾದದ್ದು ಇದೇ, ಅಭಿನಯ ಅಂದರೆ ಇದು, ದನಿಯನ್ನು ಹಾಗೆ ಒಡೆಯುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಪಾಪಕ್ಕ ಸುಮ್ಮನೆ ನಕ್ಕರು. ಹೊಸ ಹುಡುಗಿಗೆ ಬರುವುದು ಬೇಡವೆಂದು ಫೋನು ಹೋಯಿತು.

ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಪಾಪಕ್ಕ ಫ್ಲಾಸ್ಕಿನ ಬಿಸಿನೀರನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡಿದ್ದರು. ಡೈರೆಕ್ಟರು ಅಲ್ಲಿಗೇ ಬಂದರು. ಮಕ್ಕಳ ಧಾರಾವಾಹಿಯೊಂದು ಬರಲಿದೆ, ವರ್ಷಗಟ್ಟಲೆ ನಡೆಯುವಂಥದ್ದು, ಮುಖ್ಯ ಹುಡುಗಿಯ ದನಿ ನಿಮ್ಮದೇ ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಪಾಪಕ್ಕ ಅವರನ್ನೇ ನೋಡುತ್ತಿದ್ದರು. ಆಗ ಆ ಉಸಿರು ಕೇಳಿಸಿತು, ಒಳಗೆಳೆದು ಹಿಡಿದ ಹಳೆಯ ಉಸಿರು.

“ಬೇಡ.”

ಡೈರೆಕ್ಟರು ಕಾರಣ ಕೇಳಿದರು. ಹೊಸ ಹುಡುಗಿಯನ್ನೇ ಕರೆಸಿ, ಬೇಕಾದರೆ ಪಕ್ಕದಲ್ಲಿ ಕೂತು ಉಸಿರು ಹಿಡಿಯುವುದನ್ನು ಹೇಳಿಕೊಡುತ್ತೇನೆ ಎಂದಷ್ಟೇ ಪಾಪಕ್ಕ ಹೇಳಿದರು. ಡೈರೆಕ್ಟರು ಅರ್ಥವಾಗದೆ ಒಳಗೆ ಹೋದ ಮೇಲೆ ಪಾಪಕ್ಕ ಮುಚ್ಚಳದ ನೀರನ್ನು ಕುಡಿದು ನನ್ನ ಕಡೆ ನೋಡಿದರು.

“ದನಿ ಒಡೆದದ್ದು ನಾನು ಮಾಡಿದ್ದಲ್ಲ ತಮ್ಮಾ, ತಾನಾಗಿ ಆದದ್ದು. ಚಳಿಗಾಲದಿಂದ ಹೀಗೇ ಇದೆ. ಇನ್ನೊಂದು ಸಲ ಮಾಡಿ ಅಂದಿದ್ರೆ ಏನು ಬರ್ತಿತ್ತೋ.”

ನಾನು ಫ್ಲಾಸ್ಕ್ ಹಿಡಿದುಕೊಂಡು ಗೇಟಿನವರೆಗೆ ಅವರ ಜೊತೆ ನಡೆದೆ. ದರ್ಜಿಯವರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹೆಂಡತಿಯನ್ನು ಕಂಡದ್ದೇ ಏನಾಯಿತೆಂದು ಅಂಗೈ ತಿರುಗಿಸಿ ಕೇಳಿದರು. ಆತಂಕದಿಂದ ದರ್ಜಿಯವರ ಮುಖ ಸಣ್ಣಗಾಗಿತ್ತು.

“ಬಾಯಿಬಿಟ್ಟೇ ಕೇಳಿ,” ಎಂದರು ಪಾಪಕ್ಕ, ತಮ್ಮ ವಯಸ್ಸಿನ ದನಿಯಲ್ಲಿ. “ಇನ್ಮೇಲೆ ದಿನಾ ಮಾತಾಡ್ತೀನಿ. ನಿಮ್ಮ ಕಿವಿ ಗಟ್ಟಿ ಮಾಡ್ಕೊಳ್ಳಿ.”

ದರ್ಜಿಯವರು ಹಿಂದಿನ ಸೀಟಿನ ಧೂಳನ್ನು ಕೈಯಿಂದ ಒರೆಸಿ, ಅವರು ಸರಿಯಾಗಿ ಕೂರುವವರೆಗೆ ಕಾದು, ಆಮೇಲೆ ಸ್ಕೂಟರ್ ಶುರು ಮಾಡಿದರು.