ಕೆರೆ ಏರಿಯ ಮೇಲೆ ಕೂತಿದ್ದವರು

ರತ್ನಾ, ಆ ದಿನ ಬೆಳಗ್ಗೆ ನಿನ್ನ ಅಪ್ಪ ಕೆರೆ ಏರಿಯ ಮೇಲೆಯೇ ಇದ್ದರು. ನಾನು ನೋಡಿದ್ದೆ. ನೋಡಿದ್ದಷ್ಟೇ ಅಲ್ಲ — ಮಾತಾಡಿಸಿದ್ದೆ, ಫೋಟೋ ತೆಗೆದಿದ್ದೆ. ಆಮೇಲೆ ಅವರನ್ನು ಆ ಫೋಟೋದಿಂದ ಅಳಿಸಿದೆ. ಅಳಿಸಿದ್ದು ಬಯಲಾದೀತೆಂಬ ಭಯಕ್ಕೆ, ಕೇಳಲು ಬಂದವರನ್ನೆಲ್ಲ ಅಲ್ಲಿ ಯಾರೂ ಇರಲಿಲ್ಲ ಎಂದು ನಂಬಿಸಿದೆ. ಹಾಗೆ ಕೇಳಲು ಬಂದವರಲ್ಲಿ ನೀನೂ ಒಬ್ಬಳು.

ಹನ್ನೊಂದು ವರ್ಷವಾಯಿತು. ಆಗ ನೀನು ಒಂಬತ್ತನೇ ತರಗತಿ, ನಾನು ನಿಮ್ಮ ಡ್ರಾಯಿಂಗ್ ಮೇಷ್ಟ್ರು. ನನ್ನ ಊರು ಹರದನಹಳ್ಳಿ. ಕೆಲಸಕ್ಕೆಂದು ತೆರಕಣಾಂಬಿಗೆ ಬಂದು ಅಲ್ಲೇ ಮನೆ ಮಾಡಿದ್ದೆ. ಚಿತ್ರ ಬಿಡಿಸುವುದರಲ್ಲಿ ನನ್ನ ಕೈ ಸಾಧಾರಣ — ನಿಮಗೆಲ್ಲ ಅದು ಗೊತ್ತಿತ್ತೋ ಏನೋ, ನನಗಂತೂ ಗೊತ್ತಿತ್ತು. ಒಂದು ಹಳೆಯ ಕ್ಯಾಮೆರಾ ಕೈಗೆ ಬಂದ ಮೇಲೆ ಮಾತ್ರ ಬದುಕಿಗೆ ಒಂದು ಕಿಟಕಿ ತೆರೆದಂತಾಯಿತು. ಶಾಲೆಗೆ ಮುಂಚೆ ಬೈಕ್ ಹತ್ತಿ ಕಾಡಂಚಿನ ಕಡೆ ಹೋಗಿಬಿಡುತ್ತಿದ್ದೆ. ಹುರುಳಿ ಹೊಲದ ಮೇಲೆ ಮಲಗಿದ ಮಂಜು, ಗುಡ್ಡದ ನೆತ್ತಿಗೆ ಮೊದಲು ತಾಗಿ ಆಮೇಲೆ ಒಂದೊಂದೇ ಬಂಡೆ ಇಳಿದು ಬರುವ ಬಿಸಿಲು — ಅದನ್ನು ನೋಡುತ್ತ ನಿಂತಾಗ ನಾನು ಒಳ್ಳೆಯ ಮನುಷ್ಯ ಅನ್ನಿಸುತ್ತಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ನಿಜಕ್ಕೂ ಹಾಗನ್ನಿಸುತ್ತಿತ್ತು.

ಶಿವರಾತ್ರಿಗೆ ಇನ್ನೊಂದು ವಾರವಿತ್ತು. ಚಳಿ ಇನ್ನೂ ಬಿಟ್ಟಿರಲಿಲ್ಲ. ನಿಮ್ಮೂರ ಕೆರೆಯಲ್ಲಿ ಒಂದು ಸುಕ್ಕೂ ಇಲ್ಲದ ನೀರು. ಅದರೊಳಗೆ ತಲೆಕೆಳಗಾಗಿ ನಿಂತ ಗುಡ್ಡ. ದಡದಲ್ಲಿ ಒಂಟಿ ಹೊಂಗೆ ಮರ. ನಾನು ಕ್ಯಾಮೆರಾ ನಿಲ್ಲಿಸುತ್ತಿದ್ದಾಗ ಏರಿಯ ಮೇಲಿಂದ ಒಂದು ದನಿ ಬಂತು.

"ಏನ್ ಸಾ, ನೀರ್ನ ಫೋಟೋ ಇಡೀತಿದ್ದೀರಾ? ನಾನ್ ಅಡ್ಡ ಬತ್ತೀನಾ? ಎದ್ದೋಗ್ಲಾ?"

ಕಂಬಳಿ ಹೊದ್ದು ಕೂತಿದ್ದರು ನಿನ್ನ ಅಪ್ಪ. ಪಕ್ಕದಲ್ಲಿ ಎರಡು ಹಸು.

"ಬೇಡ ಬೆಳ್ಳಯ್ಯ, ಕೂತಿರಿ" ಎಂದೆ. ಹೌದು, ಕೂತಿರಿ ಎಂದವನು ನಾನೇ.

ಚಾಮರಾಜನಗರದಲ್ಲಿ ಒಂದು ಫೋಟೋ ಸ್ಪರ್ಧೆ ಇತ್ತು. ಮನುಷ್ಯರು ಮುಟ್ಟದ ನಿಸರ್ಗ ಎಂಬುದು ವಿಷಯ. ಫೋಟೋ ಕಳಿಸಲು ಆ ದಿನವೇ ಕೊನೆ. ಸಂಜೆ ಕಂಪ್ಯೂಟರಿನ ಮುಂದೆ ಕೂತು ನೋಡಿದರೆ ಎಲ್ಲವೂ ಸರಿಯಾಗಿತ್ತು — ಮಂಜು, ನೀರು, ಗುಡ್ಡ, ಮರ. ಎಡಗಡೆ ಒಂದು ಕಪ್ಪು ಉಂಡೆಯಂತೆ ನಿನ್ನ ಅಪ್ಪ. ಅಡ್ಡ ಅನ್ನಿಸಿತು. ಅಳಿಸಿದೆ. ಹಸುಗಳನ್ನೂ ಅಳಿಸಿದೆ. ಏರಿಯ ಮೇಲಿನ ಮನುಷ್ಯನನ್ನು ಅಳಿಸುವುದು ಸುಲಭವಿತ್ತು. ನೀರಿನೊಳಗಿನ ಅವನ ನೆರಳೇ ಬೇಗ ಹೋಗಲಿಲ್ಲ, ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆಮೇಲೆ ಅರ್ಜಿಯಲ್ಲಿ, ಈ ಚಿತ್ರದಿಂದ ಏನನ್ನೂ ತೆಗೆದಿಲ್ಲ, ಇದಕ್ಕೆ ಏನನ್ನೂ ಸೇರಿಸಿಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಿ ಕಳಿಸಿಬಿಟ್ಟೆ. ಇಷ್ಟೇ ಆಗಿದ್ದರೆ ಅದೊಂದು ಸಣ್ಣ ಮೋಸ, ಹೆಚ್ಚೆಂದರೆ ಒಂದು ಬಹುಮಾನದ ಮೋಸ. ಆದರೆ —

ಅದೇ ಬೆಳಗ್ಗೆ ಅದೇ ಹೊತ್ತಿಗೆ ಕಾಡಿನೊಳಗಿನ ಇನ್ನೊಂದು ದೂರದ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ಕೆರೆಯಿಂದ ಅಲ್ಲಿಗೆ ನಡೆದು ಹೋಗಲು ಒಂದೂವರೆ ಗಂಟೆಯಾದರೂ ಬೇಕು. ಕಂಬಳಿ ಹೊದ್ದವನೊಬ್ಬನನ್ನು ಗುಡ್ಡದ ಕೆಳಗೆ ನೋಡಿದೆ ಎಂದು ಯಾರೋ ಹೇಳಿದರಂತೆ. ದನ ಮೇಯಿಸುವ ವಿಚಾರಕ್ಕೆ ಹಿಂದೆ ಅರಣ್ಯ ಇಲಾಖೆಯವರ ಜೊತೆ ನಿನ್ನ ಅಪ್ಪನಿಗೆ ಜಗಳವಾಗಿತ್ತು. ಅಷ್ಟು ಸಾಕಾಯಿತು. ಎರಡು ವಾರದ ಮೇಲೆ ಪೊಲೀಸರು ಅವರನ್ನು ಹಿಡಿದುಕೊಂಡು ಹೋದರು.

ಆ ಎರಡು ವಾರದಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ಪತ್ರಿಕೆಯಲ್ಲಿ ಹೆಸರು, ಶಾಲೆಯಲ್ಲಿ ಸನ್ಮಾನ. ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ ಹೆಡ್‌ಮಾಸ್ಟರು ತಮ್ಮ ಕುರ್ಚಿಯ ಹಿಂದೆಯೇ ತೂಗು ಹಾಕಿದ್ದರು. ವಿಚಾರಣೆಗೆಂದು ಬಂದ ಅಧಿಕಾರಿ ಕೂತದ್ದು ಅದೇ ಕೋಣೆಯಲ್ಲಿ, ಅದರ ಎದುರಿಗೇ.

"ಮೇಷ್ಟ್ರೇ, ಬೆಳ್ಳಯ್ಯ ಅಂತ ಒಬ್ಬ. ಅವತ್ತು ಬೆಳಿಗ್ಗೆ ನೀವು ಕೆರೆ ತಾವ ಇದ್ರಿ, ಅವನ್ನ ನೋಡಿದ್ರಿ, ಮಾತಾಡಿಸಿದ್ರಿ ಅಂತಾವ್ನೆ. ಹೌದಾ?"

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ಟರು ಹೆಮ್ಮೆಯಿಂದ ಹಿಂದೆ ತಿರುಗಿ ಕೈ ತೋರಿಸಿದರು. "ಅವತ್ತು ನಮ್ ಮೇಷ್ಟ್ರು ತೆಗೆದ ಫೋಟೋನೇ ಇದು ನೋಡಿ ಸಾರ್."

ಅಧಿಕಾರಿ ಎದ್ದು ಹತ್ತಿರ ಹೋಗಿ ನೋಡಿದರು. ಮೂಲೆ ಮೂಲೆ ನೋಡಿದರು. "ಇಲ್ಲಿ ಯಾರೂ ಕಾಣ್ತಿಲ್ವಲ್ಲ ಮೇಷ್ಟ್ರೇ."

ಇದ್ದರು ಎಂದರೆ, ಮತ್ತೆ ಚಿತ್ರದಲ್ಲಿ ಯಾಕಿಲ್ಲ ಎನ್ನುತ್ತಾರೆ. ಅಳಿಸಿದೆ ಎಂದರೆ ಬಹುಮಾನ, ಸನ್ಮಾನ, ಪತ್ರಿಕೆ — ಇಡೀ ಊರು. ನಾಲ್ಕು ದಿನದ ಹಿಂದೆ ಹಾಕಿಸಿಕೊಂಡ ಶಾಲು ಇನ್ನೂ ಮನೆಯ ಗೂಟದ ಮೇಲಿತ್ತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಯೋಚಿಸಿದೆನೋ ಇಲ್ಲವೋ —

"ಇಲ್ಲ ಸಾರ್, ಅಲ್ಲಿ ಯಾರೂ ಇರಲಿಲ್ಲ."

ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ.

ಮಾರನೆಯ ದಿನ ನೀನು ಬಂದೆ. ಊಟದ ಬೆಲ್ಲು ಹೊಡೆದಿತ್ತು. ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡಿ, ಆಮೇಲೆ ಒಂದೇ ಉಸಿರಿಗೆ ಅಂದೆ:

"ಸಾ, ನಮ್ಮಪ್ಪ ಕೆರೆ ತಾವೇ ಇದ್ರಂತೆ ಸಾ. ನಿಮ್ಮನ್ನ ಮಾತಾಡಿಸಿದ್ರಂತೆ. ಸರ್ಯಾಗ್ ಜ್ಞಾಪಿಸ್ಕೊಳಿ ಸಾ."

ಆಗಲೂ ಸಮಯವಿತ್ತು. ನಿನ್ನ ಮುಂದೆ ನಾನು ಹೆದರಬೇಕಾದದ್ದು ಏನಿತ್ತು? ಹದಿನಾಲ್ಕು ವರ್ಷದ ಹುಡುಗಿ ನೀನು. ಆದರೆ ಒಮ್ಮೆ ಹಾಕಿದ ಸಹಿ ಎಷ್ಟು ಬೇಗ ಮನುಷ್ಯನ ಕುತ್ತಿಗೆ ಹಿಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಮೇಜಿನ ಮೇಲಿದ್ದ ಪತ್ರಿಕೆಯ ಆ ಪುಟವನ್ನು ನಿನ್ನ ಕೈಗೆ ಕೊಟ್ಟೆ. "ನೀನೇ ನೋಡಮ್ಮ" ಎಂದೆ.

ನೀನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಬೆರಳಿಟ್ಟು ಏರಿಯ ಉದ್ದಕ್ಕೂ ಹುಡುಕಿದೆ — ಆ ತುದಿಯಿಂದ ಈ ತುದಿಗೆ, ಮತ್ತೆ ಈ ತುದಿಯಿಂದ ಆ ತುದಿಗೆ. ನಿನ್ನ ಮುಖ ನಿಧಾನವಾಗಿ ಬದಲಾಯಿತು. ಅಳಲಿಲ್ಲ. ಪತ್ರಿಕೆಯನ್ನು ಮಡಚಿ ಮೇಜಿನ ಮೇಲಿಟ್ಟು, "ನಮ್ಮಪ್ಪನೇ ಸುಳ್ಳೇಳಿರ್ಬೇಕು ಬುಡಿ ಸಾ" ಎಂದು ಹೊರಟುಹೋದೆ.

ಅಧಿಕಾರಿಗೆ ಹೇಳಿದ ಸುಳ್ಳು ಒಂದು. ಇದು ಬೇರೆ. ಒಬ್ಬ ಮಗಳ ಕಣ್ಣೆದುರಿಗೆ ಅವಳ ತಂದೆಯನ್ನು ಸುಳ್ಳುಗಾರನನ್ನಾಗಿ ಮಾಡಿದೆ, ಅದೂ ಒಂದು ಸುಳ್ಳು ಮಾತನ್ನೂ ಆಡದೆ.

ಮುಂದಿನದು ನನಗಿಂತ ನಿನಗೇ ಹೆಚ್ಚು ಗೊತ್ತು. ನಲವತ್ತು ದಿನ ಒಳಗಿಟ್ಟರು. ನೋಡಿಕೊಳ್ಳುವವರಿಲ್ಲದೆ ನಿನ್ನ ಅವ್ವ ಹಸುಗಳನ್ನು ಮಾರಿದಳು. ನಾಲ್ಕು ವರ್ಷ ಗುಂಡ್ಲುಪೇಟೆಯ ಕೋರ್ಟಿಗೆ ಅಲೆದಾಟ. ಕೊನೆಗೆ ಸಾಕ್ಷಿ ಸಾಲದೆಂದು ಬಿಟ್ಟರು. ತಪ್ಪು ಮಾಡಿಲ್ಲ ಎಂದು ಮಾತ್ರ ಯಾರೂ ಹೇಳಲಿಲ್ಲ. ಹರವೆಯ ಹತ್ತಿರ ನಿನ್ನನ್ನು ಕೊಟ್ಟ ಮನೆಯಲ್ಲಿ ಮಾತಿಗೆ ಮಾತು ಬಂದಾಗ, ಕಾಡಿಗೆ ಬೆಂಕಿ ಇಟ್ಟವನ ಮಗಳು ಎನ್ನುತ್ತಾರಂತೆ. ಇದು ನನ್ನ ಕಿವಿಗೆ ಬಿದ್ದು ಐದು ವರ್ಷವಾಯಿತು. ಆಗಲೂ ಸುಮ್ಮನಿದ್ದೆ.

ನಾನು ಹೇಗಿದ್ದೆ ಎಂಬುದನ್ನೂ ಹೇಳಬೇಕು. ಕನಿಕರ ಬೇಡಿ ಅಲ್ಲ. ನನ್ನ ಹೆಂಡತಿ ಶಾರದೆ ಆ ಫೋಟೋಗೆ ಕಟ್ಟು ಹಾಕಿಸಿ ಊಟದ ಮನೆಯಲ್ಲಿ ತೂಗುಹಾಕಿದಳು. ಹನ್ನೊಂದು ವರ್ಷ ಅದರ ಕೆಳಗೇ ಕೂತು ಉಂಡೆ. ಬೇರೆ ಶಾಲೆಗಳು ಕರೆಯುತ್ತಿದ್ದವು — ನಿಸರ್ಗವನ್ನು ನೋಡುವುದು ಹೇಗೆ, ಕಾಯುವುದು ಹೇಗೆ ಎಂದು ಮಕ್ಕಳಿಗೆ ಹೇಳಿ ಎಂದು. ಹೋಗದಿದ್ದರೆ ಯಾಕೆ ಎನ್ನುತ್ತಾರೆ. ಹೋದರೆ ಅದೇ ಚಿತ್ರ, ಅದೇ ಕಥೆ, ಅದೇ 'ಅಲ್ಲಿ ಯಾರೂ ಇರಲಿಲ್ಲ'. ಪ್ರತಿ ಸಲ ಹೇಳಿದಾಗಲೂ ಗೋಡೆಗೆ ಇನ್ನೊಂದು ಇಟ್ಟಿಗೆ. ಒಳಗಿದ್ದವನು ನಾನು, ಕಟ್ಟುತ್ತಿದ್ದವನೂ ನಾನು. ಕ್ಯಾಮೆರಾ ಹಿಡಿದು ಎಲ್ಲಿಗೆ ಹೋದರೂ, ಎಷ್ಟು ನಿರ್ಜನ ಬಯಲಾದರೂ, ಕಣ್ಣು ಮೊದಲು ಹುಡುಕುತ್ತಿದ್ದುದು — ಇಲ್ಲಿ ಯಾರು ಕೂತಿದ್ದಾರೆ ಎಂದು. ಬಿಸಿಲು ಬಂಡೆಯಿಂದ ಇಳಿಯುವುದು ಈಗಲೂ ಚೆಂದವೇ. ಆದರೆ ಆ ಚೆಂದ ನನ್ನ ಮೇಲೆ ಬೀಳುವುದಿಲ್ಲ. ನಿನ್ನ ಅಪ್ಪ ಇರುವ ಮೂಲ ಚಿತ್ರ ಕಂಪ್ಯೂಟರಿನಲ್ಲಿ ಹಾಗೇ ಇತ್ತು; ಅದನ್ನು ಅಳಿಸಿಬಿಡಬೇಕೆಂದು ಎಷ್ಟೋ ಸಲ ಕೂತೆ. ಅದೂ ಆಗಲಿಲ್ಲ.

ಹೋದ ತಿಂಗಳು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನೂ ನಿನ್ನ ಅಪ್ಪನನ್ನೂ ಕಂಡೆ. ನೀವು ನನ್ನನ್ನು ನೋಡಲಿಲ್ಲ. ಆಸ್ಪತ್ರೆಯಿಂದ ಬಂದಿದ್ದಿರೇನೋ. "ಬೆಳಿಗ್ಗೆ ಮಾತ್ರೆ ತಕಂಡ್ಯಾ?" ಎಂದು ನೀನು ಕೇಳಿದೆ. "ತಕಂಡೆ ಕಣಮ್ಮಿ" ಎಂದರು. ನೀನು ಚೀಲದಿಂದ ಮಾತ್ರೆಯ ಪಟ್ಟಿ ತೆಗೆದು ಉಳಿದವನ್ನು ಎಣಿಸಿದೆ. ಎಣಿಸಿ ಮುಗಿಯುವವರೆಗೂ ನಿನ್ನ ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಸಿಟ್ಟಿನಿಂದ ಅಲ್ಲ — ಅಭ್ಯಾಸವಾದವರ ಹಾಗೆ. ಅದನ್ನು ನೋಡಿದ ಮೇಲೆ ನನಗೆ ಬಸ್ಸು ಹತ್ತಲಾಗಲಿಲ್ಲ.

ಮನೆಗೆ ಬಂದು ಶಾರದೆಗೆ ಎಲ್ಲ ಹೇಳಿದೆ. ಅವಳು ತಲೆಯೆತ್ತಿ ಗೋಡೆಯ ಮೇಲಿನ ಆ ಫೋಟೋ ನೋಡಿದಳು. ಆಮೇಲೆ, "ಆ ಮಗು ನಿಮ್ಮತ್ರ ಬಂದು ಕೇಳ್ತಲ್ಲ, ಆವಾಗ್ಲಾದ್ರೂ?" ಎಂದಳು.

ಮಾರನೆಯ ದಿನ ಮೂಲ ಚಿತ್ರವನ್ನು ಅಚ್ಚು ಹಾಕಿಸಿಕೊಂಡು ನಿನ್ನ ತವರೂರಿಗೆ ಹೋದೆ. ನಿನ್ನ ಅಪ್ಪ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕೂರಲಿಲ್ಲ, ನಿಂತೇ ಎಲ್ಲ ಹೇಳಿದೆ. ಕಾಲು ಮುಟ್ಟಲು ಹೋದೆ, ಕಾಲು ಹಿಂದೆಳೆದುಕೊಂಡರು. ಚಿತ್ರ ಕೈಗೆ ಕೊಟ್ಟರೆ ತಮ್ಮನ್ನು ತಾವು ನೋಡಿಕೊಳ್ಳಲೇ ಇಲ್ಲ.

"ಅಯ್ಯೋ, ಗೌರಿ ಕಣ ಇವ್ಳು!" ಎಂದರು. ಹಸುವಿನ ಮೇಲೆ ಬೆರಳಾಡಿಸಿದರು. "ನಾನ್ ಬರಗಂಟ ಇರ್ನಿಲ್ಲ ಇವ್ಳು. ಮಾರ್ಬುಟ್ಟಿದ್ರು."

ನಾನು ಮತ್ತೆ ಏನೋ ಹೇಳಹೊರಟೆ — ಸ್ಪರ್ಧೆ, ಭಯ, ವಯಸ್ಸು. ಅವರು ಕೈಯೆತ್ತಿ ತಡೆದರು.

"ನಂಗ್ಯಾಕೇಳ್ತೀರಿ ಸಾ? ಅವತ್ತು ನಾನೆಲ್ಲಿದ್ದೆ ಅಂತ ನಂಗೊತ್ತಿಲ್ವಾ? ನನ್ ಮಗೀಗೇಳಿ."

ಅಷ್ಟೇ ಅಂದು ಮತ್ತೆ ಕಾಯಿ ಸುಲಿಯತೊಡಗಿದರು. ಕ್ಷಮಿಸಿದೆ ಎನ್ನಲಿಲ್ಲ; ಕ್ಷಮಿಸಲಿಲ್ಲ ಎಂದೂ ಅನ್ನಲಿಲ್ಲ. ಚಿತ್ರವನ್ನು ಮಾತ್ರ ವಾಪಸು ಕೊಡಲಿಲ್ಲ.

ಬಹುಮಾನ ಕೊಟ್ಟವರಿಗೆ ಬರೆದಿದ್ದೇನೆ. ಅಂದು ಕೊಟ್ಟ ಹೇಳಿಕೆ ಸುಳ್ಳೆಂದು ಠಾಣೆಗೂ ಬರೆದುಕೊಟ್ಟಿದ್ದೇನೆ. ಅದರಿಂದ ನನಗೆ ಏನಾಗಬೇಕೋ ಆಗಲಿ. ಇವೆಲ್ಲ ಮಾಡಿದೆನೆಂದು ಹೇಳಿ ನಿನ್ನ ಮುಂದೆ ಹಗುರಾಗುವ ಆಸೆ ನನಗಿಲ್ಲ. ನೀನು ಅಪ್ಪನನ್ನು ನಂಬದೆ ಕಳೆದ ವರ್ಷಗಳನ್ನು ಯಾವ ಕಾಗದವೂ ಹಿಂದಕ್ಕೆ ತರುವುದಿಲ್ಲ. ನಿನ್ನ ತಪ್ಪೇನೂ ಇಲ್ಲ, ರತ್ನಾ. ನೀನು ನಿನ್ನ ಕಣ್ಣನ್ನು ನಂಬಿದೆ, ಮೇಷ್ಟ್ರನ್ನು ನಂಬಿದೆ.

ಈ ಭಾನುವಾರ ಬೆಳಗಿನ ಬಸ್ಸಿಗೆ ನಿನ್ನನ್ನು ಕೊಟ್ಟ ಊರಿಗೆ ಬರುತ್ತೇನೆ. ನಿನ್ನ ಅತ್ತೆ ಮಾವನ ಎದುರಿಗೆ, ನಿನ್ನ ಗಂಡನ ಎದುರಿಗೆ ಇದನ್ನೆಲ್ಲ ನನ್ನ ಬಾಯಿಂದಲೇ ಹೇಳಬೇಕು. ನೀನು ಬಾಗಿಲು ತೆಗೆಯಲೇಬೇಕೆಂದಿಲ್ಲ. ತೆಗೆಯದಿದ್ದರೆ ಬೀದಿಯಲ್ಲಿ ನಿಂತು ಹೇಳುತ್ತೇನೆ — ಬೀದಿಯವರೂ ಕೇಳಿಸಿಕೊಳ್ಳಬೇಕಾದ ಮಾತು ಅದು.